ಬೂದಿ ಬಣ್ಣದ ಗೋಡೆ

ಕ್ಯಾಮೆರಾ ಹಾಕಿದ್ದು ಆನೆಗೆ. ಈ ಮಾತನ್ನು ಶಶಿಕಲಾ ಆಮೇಲೆ ಎಷ್ಟು ಜನಕ್ಕೆ, ಎಷ್ಟು ಸಲ ಹೇಳಿದಳೋ. ಪ್ರತಿಸಲವೂ ಕೇಳಿದವರು ತಲೆಯಾಡಿಸಿ, ಹೌದು ಹೌದು ಆನೆಗೇ ಎಂದು ಒಪ್ಪಿ, ಮತ್ತೆ ಫೋನಿನತ್ತ ಕಣ್ಣು ಹಾಯಿಸಿದರು.

ಜವಳಗಿರಿಯ ಕಾಡು ಮುಗಿದು ರಾಗಿ ಹೊಲ ಶುರುವಾಗುವ ಕಡೆ ಅವರ ಹಳ್ಳಿ. ದೊಡ್ಡ ರಸ್ತೆಯಲ್ಲಿ ಬಸ್ಸಿಳಿದು ಹುಣಿಸೆಮರದ ಕೆಳಗೆ ಹಾದು ಒಂದು ಫರ್ಲಾಂಗು ನಡೆದರೆ ಊರು. ಆನೆಗಳಿಗೂ ಅದೇ ದಾರಿ. ರಾಗಿ ತೆನೆಗಟ್ಟಿತೆಂದರೆ ಸಾಕು, ಕತ್ತಲಾಗುತ್ತಲೇ ಕಾಡಿನಿಂದ ಹೊರಟು ಹುಣಿಸೆಮರವನ್ನು ಬಳಸಿಕೊಂಡು ಹೊಲಕ್ಕಿಳಿಯುತ್ತಿದ್ದವು. ಎರಡು ವರ್ಷದ ಹಿಂದೆ ಹಾಗೆ ಇಳಿದ ಒಂಟಿ ಸಲಗವೊಂದು ಶಶಿಕಲಾಳ ಅಪ್ಪ ಲಕ್ಷ್ಮಣಪ್ಪನನ್ನು ಸೊಂಡಿಲಲ್ಲಿ ಪಕ್ಕಕ್ಕೆ ತಳ್ಳಿ ತನ್ನ ಪಾಡಿಗೆ ತಾನು ಹೋಗಿತ್ತು. ತಳ್ಳಿದ್ದಷ್ಟೆ, ತುಳಿಯಲಿಲ್ಲ. ಅದೇ ಪುಣ್ಯ ಎಂದಿತು ಊರು. ಆದರೆ ಲಕ್ಷ್ಮಣಪ್ಪನ ಸೊಂಟ ಮಾತ್ರ ಮತ್ತೆ ನೆಟ್ಟಗಾಗಲಿಲ್ಲ. ಹೊಲ ಉಳುತ್ತಿದ್ದವನು ಜಗಲಿಯ ಮಂಚಕ್ಕೆ ಬಂದ.

ಕ್ಯಾಮೆರಾದ ಮಾತು ಎದ್ದದ್ದು ಆಮೇಲೆ. ಊರವರೇ ಚಂದಾ ಎತ್ತಿ ಬಿಸಿಲಿಗೆ ಚಾರ್ಜಾಗುವ, ಸಿಮ್ಮು ಹಾಕುವ ಕ್ಯಾಮೆರಾ ತಂದು ಹುಣಿಸೆಮರದ ಎದುರಿನ ಕಂಬಕ್ಕೆ ಬಿಗಿದರು. ಅದನ್ನು ನಡೆಸುವ ವಿದ್ಯೆ ಯಾರಿಗೆ ಗೊತ್ತು? ಹೊಸೂರಿನ ಹತ್ತಿರ ಫೋನು ಜೋಡಿಸುವ ಫ್ಯಾಕ್ಟರಿಗೆ ಹೋಗುವ ಶಶಿಕಲಾಳಿಗೆ. ಅಲ್ಲಿ ಅವಳು ಮಾಡುತ್ತಿದ್ದುದು ದಿನವಿಡೀ ಒಂದೇ ಜಾಗದಲ್ಲಿ ಒಂದೇ ತಿರುಪು ಕೂರಿಸುವ ಕೆಲಸ. ಊರಿನ ಕಣ್ಣಿಗೆ ಮಾತ್ರ ಅವಳು ಫೋನು ಮಾಡುವವಳು. ಒಂದು ಭಾನುವಾರ ಕೂತು ಕ್ಯಾಮೆರಾವನ್ನು ಊರಿನ ‘ಆನೆ ಅಲರ್ಟ್’ ಗುಂಪಿಗೆ ಜೋಡಿಸಿದಳು. ಸಂಜೆ ಆರರಿಂದ ಬೆಳಗಿನ ಆರರವರೆಗೆ ಮರದ ಕೆಳಗೆ ಏನು ಅಲುಗಿದರೂ ಅದರ ಚಿತ್ರ, ಕೆಳಗೆ ಗಂಟೆ ನಿಮಿಷ ಸಮೇತ, ಗುಂಪಿನ ಇನ್ನೂರ ಹದಿನಾಲ್ಕು ಜನರ ಫೋನಿಗೆ ಬೀಳುವಂತಾಯಿತು.

ಮನುಷ್ಯ, ಪ್ರಾಣಿ, ಎಲ್ಲ ಎಂದು ಮೂರು ಆಯ್ಕೆಗಳಿದ್ದವು. ಮೊದಲು ಪ್ರಾಣಿ ಎಂದೇ ಒತ್ತಿದ್ದಳು. ಪರೀಕ್ಷೆಯ ದಿನ ಆ ಯಂತ್ರ ತಿಮ್ಮರಾಜುವಿನ ಎಮ್ಮೆಯನ್ನು ಮನುಷ್ಯನೆಂದು ಬಿಟ್ಟುಬಿಟ್ಟಿತು, ಹಿಂದೆ ಬಂದ ತಿಮ್ಮರಾಜುವನ್ನು ಪ್ರಾಣಿಯೆಂದು ಗುಂಪಿಗೆ ಕಳಿಸಿತು. ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಎಮ್ಮೆಯ ಮರ್ಯಾದೆ ಹೋಯಿತಲ್ಲ ಎಂದು ತಿಮ್ಮರಾಜುವಿನ ಹೆಂಡತಿಯೇ ಕೊರಗಿದಳು. ಇಂಥದ್ದನ್ನು ನಂಬುವುದು ಹೇಗೆಂದು ಶಶಿಕಲಾ ‘ಎಲ್ಲ’ ಎಂದು ಒತ್ತಿದಳು. ಒಂದು ಆನೆ ತಪ್ಪಿಹೋಗುವುದಕ್ಕಿಂತ ಹತ್ತು ಎಮ್ಮೆ ಬರುವುದು ಮೇಲು. ಎಮ್ಮೆಗಳ ಜೊತೆಗೆ ತಾನೂ ಬರುತ್ತೇನೆಂಬುದು ಆ ದಿನ ಅವಳಿಗೆ ಹೊಳೆಯಲಿಲ್ಲ.

ಆರರ ಮೇಲೆ ಆ ದಾರಿಯಲ್ಲಿ ನಡೆದು ಬರುವವಳು ಅವಳೊಬ್ಬಳೇ. ಗಂಡಸರು ಬೈಕುಗಳಲ್ಲಿ ಊರಿನ ಇನ್ನೊಂದು ಬದಿಯಿಂದ ಬರುತ್ತಿದ್ದರು. ಕಂಪನಿ ಬಸ್ಸು ಅವಳನ್ನು ಏಳೂ ಹತ್ತಕ್ಕೆ ಇಳಿಸುತ್ತಿತ್ತು. ಏಳೂ ಹನ್ನೊಂದಕ್ಕೆ ಅವಳು ಇನ್ನೂರ ಹದಿನಾಲ್ಕು ಕೈಗಳಲ್ಲಿ ಇರುತ್ತಿದ್ದಳು.

ಮೊದಮೊದಲು ತಮಾಷೆ. ಶಶಿ ಅಕ್ಕ ಬಂದ್ಳು, ಮುದ್ದೆಗೆ ಎಸರಿಡಿ ಎಂದು ಯಾರೋ ಬರೆದರೆ ಅವಳೂ ನಗುವ ಗೊಂಬೆ ಹಾಕುತ್ತಿದ್ದಳು. ಆಮೇಲೆ ಲೆಕ್ಕ ಶುರುವಾಯಿತು. ಇವತ್ತು ಏಳೂ ನಲವತ್ತು, ಯಾಕೆ ತಡ? ಕೈಯಲ್ಲಿ ಹೊಸ ಚೀಲ. ಸೀರೆ ಬಿಟ್ಟು ಚೂಡಿದಾರ. ಫೋನಿನಲ್ಲಿ ಮಾತಾಡುತ್ತ ಬರುತ್ತಿದ್ದಾಳೆ, ಮುಖ ನೋಡಿ, ನಗು. ಚಿತ್ರವನ್ನು ಹಿಗ್ಗಿಸಿ ಆ ನಗುವಷ್ಟನ್ನೇ ಕತ್ತರಿಸಿ ಮತ್ತೆ ಗುಂಪಿಗೆ ಹಾಕಿದವರೂ ಇದ್ದರು. ಇದನ್ನೆಲ್ಲ ಅಳಿಸಿ ಎಂದು ಅವಳು ಒಂದು ಸಲ ಬರೆದಳು. ನೆಟ್ಟಗಿರುವವರಿಗೆ ಏನು ಭಯ ಎಂಬ ಉತ್ತರ ಬಂತು, ಬರೆದವನು ತಿಮ್ಮರಾಜು. ಅದಕ್ಕೆ ಮೂವತ್ತೊಂದು ಹೆಬ್ಬೆಟ್ಟುಗಳು ಎದ್ದು ನಿಂತವು.

ಅವಳು ಕೇಲಮಂಗಲದ ಗಂಡನ ಮನೆ ಬಿಟ್ಟು ಮಗಳು ಭೂಮಿಕಾಳನ್ನು ಎತ್ತಿಕೊಂಡು ಬಂದದ್ದು ಇದೇ ಕಾರಣಕ್ಕೆ. ಸುರೇಂದ್ರ ದಿನಾ ಊಟವಾದ ಮೇಲೆ ಎಲೆಅಡಿಕೆಯಷ್ಟೇ ಸಲೀಸಾಗಿ ಅವಳ ಫೋನಿಗೆ ಕೈಚಾಚುತ್ತಿದ್ದ. ಯಾರ ಕರೆ, ಯಾರ ಮೆಸೇಜು, ಇದನ್ನು ಯಾಕೆ ಅಳಿಸಿದ್ದೀಯ? ಒಂದು ದಿನ ಕೊಡುವುದಿಲ್ಲ ಎಂದಳು. ಆ ದಿನ ಅವನ ಕೈ ಫೋನಿಗೆ ಬದಲು ಕೆನ್ನೆಗೆ ಬಂತು. ಒಬ್ಬ ನೋಡುತ್ತಿದ್ದದ್ದನ್ನು ತಾಳಲಾರದೆ ಬಂದವಳನ್ನು ಈಗ ಇನ್ನೂರ ಹದಿನಾಲ್ಕು ಜನ ನೋಡುತ್ತಿದ್ದರು, ಅದೂ ಅವಳೇ ಹಚ್ಚಿದ ಕಣ್ಣಿನಲ್ಲಿ.

ಕಿತ್ತು ಬಿಸಾಡಬಹುದಿತ್ತು. ಆದರೆ ಹೊಲದ ತುಂಬ ತೆನೆ, ಜಗಲಿಯ ಮೇಲೆ ಮುರಿದ ಸೊಂಟದ ಅಪ್ಪ. ನಾಳೆ ಯಾರಾದರೂ ಸತ್ತರೆ ಅದು ಯಾರ ತಲೆಗೆ? ಅದಕ್ಕೇ ಅವಳು ಇನ್ನೊಂದು ದಾರಿ ಹಿಡಿದಳು. ಬಸ್ಸಿಳಿದು ಕಂಬದ ಹಿಂಬದಿಗೆ ಹೋಗಿ, ಕಾಡಿಗೆ ಅಂಟಿದ ಆನೆ ಕಂದಕದ ಏರಿಯ ಮೇಲೆ ಕತ್ತಲಲ್ಲಿ ಲಂಟಾನ ಪೊದೆ ಸರಿಸಿಕೊಂಡು ಮನೆ ಸೇರುವುದು. ಆನೆಯ ಭಯಕ್ಕೆ ಹಾಕಿದ ಕ್ಯಾಮೆರಾದ ಭಯಕ್ಕೆ ಆನೆಗಳ ಕಡೆಯಿಂದಲೇ ನಡೆದು ಬರುತ್ತಿದ್ದಳು. ಎರಡು ವಾರ ಹಾಗೆ ಬಂದಳು. ಗುಂಪಿನಲ್ಲಿ ಪ್ರಶ್ನೆ ಎದ್ದಿತು: ಶಶಿಕಲಾ ಈಗ ಕಾಣುವುದೇ ಇಲ್ಲವಲ್ಲ, ಎಲ್ಲಿ ಇಳಿಯುತ್ತಾಳೆ, ಯಾರ ಜೊತೆ? ಮಾರನೆಯ ದಿನದಿಂದ ಅವಳು ಹಲ್ಲು ಕಚ್ಚಿಕೊಂಡು ಮರದ ಕೆಳಗೇ ನಡೆದಳು.

ಕಾರ್ತೀಕದ ಒಂದು ದಿನ ಭೂಮಿಕಾಳಿಗೆ ಜ್ವರ ನೆತ್ತಿಗೇರಿತ್ತು. ಶಶಿಕಲಾ ಅರ್ಧ ದಿನ ರಜೆ ಹಾಕಿ ಮಗಳನ್ನು ಡೆಂಕಣಿಕೋಟೆಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ವಾಪಸು ಬರಲು ಬಸ್ಸು ಸಿಗಲಿಲ್ಲ. ಫ್ಯಾಕ್ಟರಿಯ ಲೈನಿನಲ್ಲಿ ಅವಳ ಪಕ್ಕದಲ್ಲೇ ನಿಲ್ಲುವ ಸೌಮ್ಯ ತನ್ನ ಅಣ್ಣನ ಬೈಕು ತಂದಳು. ತುಂತುರು ಮಳೆ; ಸೌಮ್ಯ ಹೆಲ್ಮೆಟ್ಟು ಹಾಕಿ, ಗಂಡಸರ ಉದ್ದನೆಯ ರೇನ್‌ಕೋಟು ತೊಟ್ಟಿದ್ದಳು. ಹುಣಿಸೆಮರದಿಂದಾಚೆ ಕೆಸರು, ಗಾಡಿ ಹೋಗುವುದಿಲ್ಲ. ಶಶಿಕಲಾ ಅಲ್ಲೇ ಇಳಿದು, ನಿದ್ದೆಹೋಗಿದ್ದ ಮಗಳನ್ನು ಶಾಲಿನಲ್ಲಿ ಸುತ್ತಿ ಹೆಗಲಿಗೆ ಹಾಕಿಕೊಂಡಳು. ಸೌಮ್ಯಳ ಭುಜ ತಟ್ಟಿ, ಹುಷಾರಾಗಿ ಹೋಗು ಎಂದಳು. ಎಲ್ಲಿಂದಲೋ ಹಸಿ ಸೊಪ್ಪು ತರಿದ ವಾಸನೆ ಬರುತ್ತಿತ್ತು. ಮಳೆಯದು ಎಂದುಕೊಂಡು ಬಿರಬಿರನೆ ಮನೆಗೆ ನಡೆದಳು.

ಭುಜ ತಟ್ಟಿದ ಆ ಕೈಯೇ ಚಿತ್ರದಲ್ಲಿ ಬಿದ್ದಿತ್ತು. ಏಳೂ ಇಪ್ಪತ್ತೆರಡು. ಅವಳು ಮಗಳಿಗೆ ಔಷಧಿ ಕುಡಿಸಿ ಮುಗಿಸುವಷ್ಟರಲ್ಲಿ ನಲವತ್ತು ಮೆಸೇಜು. ಯಾರದು ಬೈಕು? ಗಂಡನಾ, ಬೇರೆಯಾ? ಹೆಗಲ ಮೇಲಿನ ಗಂಟಿನಲ್ಲಿ ಏನು, ದೀಪಾವಳಿಯ ಸೀರೆ ಇನ್ನೂ ಬರುತ್ತಾ ಇದೆಯಾ? ಯಾರೋ ಬೈಕಿನವನ ಸುತ್ತ ಕೆಂಪು ಬಳೆಯಂಥ ಗೆರೆ ಎಳೆದು ಮತ್ತೆ ಹಾಕಿದರು. ಅದೇ ರಾತ್ರಿ ವೆಂಕಟೇಶಪ್ಪನ ರಾಗಿ ಹೊಲದಲ್ಲಿ ಆನೆಗಳು ಇಳಿದು ಅರ್ಧ ತಿಂದು ಅರ್ಧ ತುಳಿದವು. ಬೆಳಿಗ್ಗೆ ಅದಕ್ಕೂ ಬೈಗುಳ ಬಂದದ್ದು ಶಶಿಕಲಾಳಿಗೇ: ನಿನ್ನ ಕ್ಯಾಮೆರಾ ಯಾಕೆ ಹೇಳಲಿಲ್ಲ?

ನಾಲ್ಕನೆಯ ದಿನ ಮುನಿಯಲ್ಲಪ್ಪ ಬಂದ. ಎರಡೂ ಮನೆಗೆ ನೆಂಟನಾದ ಹಿರಿಯ, ಮದುವೆ ಮಾತು ಮುಗಿಸಿದವನೂ ಅವನೇ. ಭಾನುವಾರ ಕೇಲಮಂಗಲದವರು ಬರುತ್ತಾರೆ, ನಾಲ್ಕು ಜನರ ಮುಂದೆ ಮಾತಾಗಲಿ, ಮಗುವನ್ನು ಕೇಳುತ್ತಿದ್ದಾರೆ ಎಂದ. ಶಶಿಕಲಾ ಗಂಡನ ಮನೆಯ ಹೊಸಿಲು ದಾಟಿ ಬಂದಾಗ ಮಗು ತಾಯಿಯ ಹತ್ತಿರ ಇರಲಿ ಎಂದು ಒಪ್ಪಿಸಿದವನು ಅವನು. ಈಗ ಅವನ ಮುಖ ಇಳಿದಿತ್ತು. ಅವರ ಹತ್ತಿರ ಫೈಲು ಇದೆಯಂತೆ ಎಂದಷ್ಟೇ ಹೇಳಿ ಕಾಫಿಯನ್ನೂ ಕುಡಿಯದೆ ಎದ್ದ.

ಫೈಲು ನಿಜವಾಗಿಯೂ ಇತ್ತು. ಭಾನುವಾರ ಹನ್ನೊಂದಕ್ಕೆ ಲಕ್ಷ್ಮಣಪ್ಪನ ಮನೆಯ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಸುರೇಂದ್ರನ ಅಪ್ಪ ರಾಮಕೃಷ್ಣಪ್ಪ ನೀಲಿ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಅವನ ಹೆಂಡತಿ ವರಲಕ್ಷ್ಮಮ್ಮ, ಸೆರಗು ಬಿಗಿಯಾಗಿ ಹೊದ್ದು, ಒಳಗಡೆ ಮೊಮ್ಮಗಳ ಧ್ವನಿ ಬಂದಾಗಲೆಲ್ಲ ಬಾಗಿಲ ಕಡೆ ಕತ್ತು ಚಾಚುತ್ತಿದ್ದಳು. ಸುರೇಂದ್ರ ಯಾರ ಮುಖವನ್ನೂ ನೋಡದೆ ಫೋನು ತಿರುವುತ್ತಿದ್ದ. ಊರಿನ ಕಡೆಯಿಂದ ಹತ್ತು ಹನ್ನೆರಡು ಗಂಡಸರು. ತಿಮ್ಮರಾಜು ಎಲ್ಲರಿಗಿಂತ ಮುಂದೆ.

ರಾಮಕೃಷ್ಣಪ್ಪ ಫೈಲು ಬಿಚ್ಚಿ ಒಂದೊಂದೇ ಹಾಳೆಯನ್ನು ಚಾಪೆಯ ಮೇಲೆ ಹರಡಿದ. ಝೆರಾಕ್ಸ್ ಅಂಗಡಿಯಲ್ಲಿ ದೊಡ್ಡದು ಮಾಡಿಸಿದ ಚಿತ್ರಗಳು. ನಾಲ್ಕು ತಿಂಗಳ ಶಶಿಕಲಾ. ಚೀಲದ ಶಶಿಕಲಾ, ಚೂಡಿದಾರದ ಶಶಿಕಲಾ, ತಲೆಕೂದಲು ಕೆದರಿದ ಶಶಿಕಲಾ, ಚಪ್ಪಲಿ ಕಿತ್ತುಹೋಗಿ ಕೈಯಲ್ಲಿ ಹಿಡಿದ ಶಶಿಕಲಾ. ತಿಂಗಳ ಹೊಟ್ಟೆನೋವಿಗೆ ಮರಕ್ಕೆ ಕೈಕೊಟ್ಟು ಬಗ್ಗಿ ನಿಂತದ್ದೂ ಇತ್ತು. ಆ ಕ್ಷಣದಲ್ಲಿ ನೋವಿಗೆ ಕ್ಯಾಮೆರಾವನ್ನೇ ಮರೆತದ್ದು ಅವಳಿಗೆ ನೆನಪಾಯಿತು. ಹನ್ನೆರಡು ಗಂಡಸರು ಆ ಹಾಳೆಯ ಮೇಲೆ ಬಗ್ಗಿದರು.

ರಾಮಕೃಷ್ಣಪ್ಪ ಕೊನೆಯ ಹಾಳೆಯನ್ನು ಎಲ್ಲಕ್ಕೂ ಮೇಲಿಟ್ಟ. ಬೈಕು, ಭುಜದ ಮೇಲೆ ಕೈ, ಕೆಂಪು ಗೆರೆ.

"ಮಗೂನ ಆನೆ ಬಾಯಾಗೆ ಬುಟ್ಟು ಈಯಮ್ಮ ಬೈಕಲ್ಲಿ ಮೆರೀತಾವ್ಳೆ" ಎಂದ. "ನಮ್ಮನೆ ಕೂಸು ನಮ್ಮನೇಗೆ ಬರ್ಲಿ. ನೋಡ್ಕಳಾಕೆ ನಾವಿದ್ದೀವಿ."

ಇವು ನಿಮಗೆ ಹೇಗೆ ಸಿಕ್ಕವು ಎಂದು ಶಶಿಕಲಾ ಕೇಳಿದಳು. ಗುಂಪಿನಲ್ಲಿ ಕೇಲಮಂಗಲದವರು ಯಾರೂ ಇರಲಿಲ್ಲ. ತಿಮ್ಮರಾಜುವಿನತ್ತ ತಿರುಗಿದಳು. ಅವನು ದೇವರಾಣೆ ನಾನಲ್ಲ ಎಂಬಂತೆ ಎರಡೂ ಕೈ ಎತ್ತಿದ.

ಸುರೇಂದ್ರ ಮೊದಲ ಸಲ ತಲೆ ಎತ್ತಿದ. "ನಿಮ್ಮಪ್ಪನೇ ಕಳ್ಸಿದ್ದು" ಎಂದು ಫೋನನ್ನು ತಿರುಗಿಸಿ ತೋರಿಸಿದ. ಒಂದರ ಕೆಳಗೊಂದು, ದಿನಕ್ಕೊಂದು, ಲಕ್ಷ್ಮಣಪ್ಪನ ನಂಬರಿನಿಂದ.

ಅಂಗಳದವರೆಲ್ಲ ಮುದುಕನ ಕಡೆ ತಿರುಗಿದರು.

ಲಕ್ಷ್ಮಣಪ್ಪ ಊರುಗೋಲಿನ ಮೇಲೆ ಗದ್ದವಿಟ್ಟುಕೊಂಡು ಏನೂ ಅರ್ಥವಾಗದವನಂತೆ ಕೂತಿದ್ದ. ಆ ಸೀಮೆಯಲ್ಲಿ ಒಂದು ಪದ್ಧತಿ ಇದೆ. ಆನೆ ಯಾವ ದಿಕ್ಕಿಗೆ ಹೊರಟಿತೋ ಆ ದಿಕ್ಕಿನ ಮುಂದಿನ ಊರಿನ ನೆಂಟರಿಗೆ ಸುದ್ದಿ ದಾಟಿಸಬೇಕು. ಜಗಳವಾಡಿ ಮಾತು ಬಿಟ್ಟಿದ್ದರೂ, ಹೆಣ್ಣು ಕೊಟ್ಟು ಕೆಟ್ಟಿದ್ದರೂ ದಾಟಿಸಬೇಕು. ಸುದ್ದಿ ಬಚ್ಚಿಟ್ಟವನ ಹೊಲಕ್ಕೆ ಆನೆ ಮನುಷ್ಯನಂತೆ ಬಟ್ಟೆ ಉಟ್ಟುಕೊಂಡು ಬರುತ್ತದೆ ಎನ್ನುತ್ತಿದ್ದರು ಹಿಂದಿನವರು. ಲಕ್ಷ್ಮಣಪ್ಪನ ಅಪ್ಪ ಪಂಜು ಹಿಡಿದು ಓಡುತ್ತಿದ್ದ, ಲಕ್ಷ್ಮಣಪ್ಪ ಸೈಕಲ್ಲಿನಲ್ಲಿ ಹೋಗುತ್ತಿದ್ದ. ಈಗ ಮಂಚದ ಮೇಲೆ ಕೂತು ಹೆಬ್ಬೆರಳಿನಲ್ಲಿ ದಾಟಿಸುತ್ತಿದ್ದ. ಜವಳಗಿರಿಯಿಂದ ಹೊರಟ ಆನೆ ಕೇಲಮಂಗಲದ ಕಡೆಗೇ ಹೋಗುವುದು, ಅಲ್ಲಿರುವ ನೆಂಟನೆಂದರೆ ಅಳಿಯ. ಎರಡೂ ಕಣ್ಣಿಗೆ ಪೊರೆ ಬಂದ ಮುದುಕ ಫೋನು ಟಿಣ್ ಎಂದ ಕೂಡಲೇ ಮಗಳು ಕಲಿಸಿಕೊಟ್ಟ ಬಾಣದ ಗುರುತನ್ನು ಒತ್ತಿ ಮುಂದಕ್ಕೆ ಕಳಿಸಿಬಿಡುತ್ತಿದ್ದ. ಏನು ಕಳಿಸಿದೆ ಎಂದು ಒಂದು ದಿನವೂ ನೋಡಿರಲಿಲ್ಲ.

"ನಾನು ಆನೆ ಸುದ್ದಿ ದಾಟಿಸ್ದೆ ಕಣವ್ವ" ಎಂದ.

ಶಶಿಕಲಾಳಿಗೆ ಕಿರುಚಬೇಕೆನಿಸಿತು. ಯಾರ ಮೇಲೆ? ಅಪ್ಪನ ಹೆಬ್ಬೆರಳಿನ ಮೇಲೆಯೇ? ಕಳಿಸಿದವನಿಗೆ ಕಣ್ಣಿಲ್ಲ. ಕಣ್ಣಿದ್ದವರು ನಾಲ್ಕು ತಿಂಗಳು ಅವನ ಕುರುಡುತನವನ್ನು ದಿನಾ ಸಂಜೆ ಬಾಚಿ ಬಾಚಿ ಫೈಲಿಗೆ ತುಂಬಿಕೊಂಡಿದ್ದರು. ಆನೆಯಿಲ್ಲದ ಚಿತ್ರ ಯಾಕೆ ಕಳಿಸುತ್ತೀಯ ಮಾವ ಎಂದು ಒಂದು ಫೋನೂ ಮಾಡಲಿಲ್ಲ.

ಮುನಿಯಲ್ಲಪ್ಪ ಗಂಟಲು ಸರಿಮಾಡಿಕೊಂಡ. "ಆಗಿದ್ದಾಯ್ತು. ಬೈಕಲ್ಲಿರೋನು ಯಾರು ಅಂತ ಒಂದ್ ಮಾತು ಹೇಳ್ಬುಡು ತಾಯಿ, ಮುಗ್ದೋಗ್ಲಿ."

ಬಾಗಿಲ ಹಿಂದಿನಿಂದ ಅವಳ ಅಮ್ಮ ಮಂಗಮ್ಮನೂ ಹೇಳು ಹೇಳು ಎಂದು ಸನ್ನೆ ಮಾಡಿದಳು. ಮಂಗಮ್ಮನಿಗೆ ಗೊತ್ತಿತ್ತು. ಅವನಲ್ಲ, ಅವಳು, ಸೌಮ್ಯ. ಎರಡೇ ಅಕ್ಷರ, ಹೇಳಿದರೆ ಮಗಳು ಉಳಿಯುತ್ತಾಳೆ. ಶಶಿಕಲಾ ಬಾಯಿಯನ್ನೂ ತೆರೆದಳು. ಆಗ ಸುರೇಂದ್ರ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. ಆ ಬಾಗು ಅವಳಿಗೆ ಗೊತ್ತಿತ್ತು. ಊಟವಾದ ಮೇಲೆ ಫೋನಿಗೆ ಕೈಚಾಚುವ ಬಾಗು. ಇವತ್ತು ಸೌಮ್ಯ ಎಂದರೆ ಚೀಲದ ಚಿತ್ರಕ್ಕೆ ಉತ್ತರ ಬೇಕು, ನಗುವಿನ ಚಿತ್ರಕ್ಕೆ ಉತ್ತರ ಬೇಕು, ಬಗ್ಗಿ ನಿಂತದ್ದಕ್ಕೂ ಬೇಕು. ನಾಳೆ ಸೌಮ್ಯಳನ್ನು ಕರೆಸಿ ಇದೇ ಚಾಪೆಯ ಮೇಲೆ ನಿಲ್ಲಿಸುತ್ತಾರೆ.

"ಹೇಳಲ್ಲ" ಎಂದಳು.

ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಮಗೆ ಬೇಕಿದ್ದು ಇಷ್ಟೇ ಎಂಬಂತೆ ರಾಮಕೃಷ್ಣಪ್ಪ ಹಾಳೆಗಳನ್ನು ಫೈಲಿಗೆ ಸೇರಿಸತೊಡಗಿದ. ಮಗುವಿನ ಬಟ್ಟೆ ತಂದುಕೊಡಿ ಎಂದು ಮೆಲ್ಲಗೆ ಹೇಳಿದ. ಮಂಗಮ್ಮ ಬಾಗಿಲಿಗೆ ಅಡ್ಡ ನಿಂತಳು.

ಶಶಿಕಲಾ ಬೈಕಿನ ಹಾಳೆಯನ್ನು ಎತ್ತಿಕೊಂಡಳು. ಹರಿದುಹಾಕಲೆಂದೇ ಎತ್ತಿದ್ದು. ಅಷ್ಟು ದೊಡ್ಡದಾಗಿ ಅದನ್ನು ಅವಳು ನೋಡಿಯೇ ಇರಲಿಲ್ಲ. ಫೋನಿನಲ್ಲಿ ಬಂದಾಗ ನಾಚಿಕೆಯಿಂದ ಥಟ್ಟನೆ ಮುಚ್ಚಿದ್ದಳು. ಕೆಂಪು ಗೆರೆಯೊಳಗೆ ಸೌಮ್ಯ. ಗೆರೆಯ ಪಕ್ಕದಲ್ಲಿ ತಾನು, ಹೆಗಲ ಮೇಲೆ ಗಂಟು. ತನ್ನ ಹಿಂದೆ ಹುಣಿಸೆಮರ. ಮರದ ಹಿಂದೆ ಬೂದಿ ಬಣ್ಣದ ಗೋಡೆ.

ಅಲ್ಲಿ ಗೋಡೆ ಇಲ್ಲ.

ಹಾಳೆಯನ್ನು ಬಿಸಿಲಿಗೆ ಹಿಡಿದಳು. ಗೋಡೆಗೆ ಒಂದು ಕಿವಿ ಇತ್ತು. ಕಿವಿಯ ಕೆಳಗೆ ಬೆಳ್ಳಗೆ, ಬಾಳೆಯ ಸುಳಿಯಂತೆ, ಒಂದು ದಂತ. ತಾನು ನಿಂತ ಜಾಗಕ್ಕೂ ಅದಕ್ಕೂ ನಡುವೆ ಹತ್ತು ಹೆಜ್ಜೆ ಇರಬಹುದು, ಇಲ್ಲದಿರಬಹುದು.

ಹಸಿ ಸೊಪ್ಪಿನ ವಾಸನೆ ಈಗ ಮತ್ತೆ ಮೂಗಿಗೆ ಬಂತು. ಹಾಳೆ ಹಿಡಿದೇ ಮಾವನ ಕಡೆ ತಿರುಗಿದಳು.

"ಮಾವ, ಇದು ನಿಮ್ಗೆ ಎಷ್ಟು ಗಂಟೆಗೆ ಬಂತು?"

ರಾಮಕೃಷ್ಣಪ್ಪ ಮಗನನ್ನು ನೋಡಿದ. ಸುರೇಂದ್ರ, ಏಳೂವರೆ ಒಳಗೆ, ಎಂದ.

"ನಿಮ್ಗೆ?" ತಿಮ್ಮರಾಜುವನ್ನು ಕೇಳಿದಳು. ಉತ್ತರಕ್ಕೆ ಕಾಯಲಿಲ್ಲ. ಹಾಳೆಯನ್ನು ಮುನಿಯಲ್ಲಪ್ಪನ ತೊಡೆಯ ಮೇಲಿಟ್ಟು ಬೆರಳಿಟ್ಟು ತೋರಿಸಿದಳು. ಮುದುಕ ಕನ್ನಡಕ ಹಾಕಿಕೊಂಡು, ತೆಗೆದು ಒರೆಸಿ, ಮತ್ತೆ ಹಾಕಿಕೊಂಡ. ಅಯ್ಯೋ ನನ್ನಪ್ಪ ಎಂದು ಸಣ್ಣಗೆ ಅಂದ.

"ಇನ್ನೂರ ಹದ್ನಾಕು ಜನ ನೋಡಿದ್ರಿ" ಎಂದಳು ಶಶಿಕಲಾ. ಧ್ವನಿ ಏರಿರಲಿಲ್ಲ, ಆದರೆ ಅಂಗಳದಾಚೆ ನಿಂತಿದ್ದ ಹೆಂಗಸರಿಗೂ ಕೇಳಿಸಿತು. "ಬೈಕು ನೋಡಿದ್ರಿ. ಕೈ ನೋಡಿದ್ರಿ. ಹಿಗ್ಗಿಸ್ಕಂಡು ಹಿಗ್ಗಿಸ್ಕಂಡು ನೋಡಿದ್ರಿ. ಇದು ಯಾರ್ಗೂ ಕಾಣ್ಲಿಲ್ಲ. ಹಿಂದೆ ಆನೆ ಐತೆ, ಓಡು ಅಂತ ಒಬ್ರೂ ಫೋನ್ ಮಾಡ್ಲಿಲ್ಲ."

ಹಾಳೆ ಕೈಯಿಂದ ಕೈಗೆ ಹೋಯಿತು. ನೋಡಿದ ಒಬ್ಬೊಬ್ಬನೂ ಜೀವ ಬಂದವನಂತೆ ಮಾತಾಡತೊಡಗಿದ. ಇದೇ ವೆಂಕಟೇಶಪ್ಪನ ಹೊಲಕ್ಕೆ ಇಳಿದದ್ದು. ದಂತ ಒಂದೇ ಕಾಣುತ್ತಿದೆ, ಹಾಗಾದರೆ ಇದು ಆ ಮುರುಕು ಕೊಂಬಿನದು. ಇಲ್ಲ, ಅದು ನಾಟ್ರಾಂಪಾಳ್ಯದ ಕಡೆ ಇಳಿದಿದೆಯಂತೆ. ಎರಡೇ ನಿಮಿಷದಲ್ಲಿ ಅಂಗಳದ ತುಂಬ ಆನೆಯ ಮಾತು. ಕ್ಯಾಮೆರಾ ಚೆನ್ನಾಗಿಯೇ ಕೆಲಸ ಮಾಡಿದೆಯಲ್ಲ ಎಂದು ಒಬ್ಬ ಮೆಚ್ಚಿಕೊಂಡ. ಸತ್ತಿದ್ದರೂ ಇವರು ಹೀಗೇ ದಂತ ಅಳೆಯುತ್ತಿದ್ದರು ಎಂದು ಶಶಿಕಲಾಳಿಗೆ ಖಚಿತವಾಯಿತು.

ವರಲಕ್ಷ್ಮಮ್ಮ ಮಾತ್ರ ಹಾಳೆಯನ್ನು ಇಸಿದುಕೊಂಡು ಆನೆಯನ್ನು ನೋಡಲಿಲ್ಲ. ಹೆಗಲ ಮೇಲಿನ ಗಂಟನ್ನು ನೋಡಿದಳು. ಶಾಲಿನಿಂದ ಒಂದು ಪುಟ್ಟ ಕಾಲು ಹೊರಗೆ ಇಣುಕಿತ್ತು.

"ಇದೇನಮ್ಮಿ, ಗಂಟು?"

"ಭೂಮಿಕಾ" ಎಂದಳು ಶಶಿಕಲಾ. "ಜ್ವರ ಬಂದಿತ್ತು ಅತ್ತೆ. ನೋಡ್ಕಳಾಕೆ ನೀವಿದ್ರಲ್ಲ, ಏಳೂವರೆ ಒಳ್ಗೇ ನೋಡಿದ್ರಿ."

ವರಲಕ್ಷ್ಮಮ್ಮ ಹಾಳೆಯನ್ನು ಮಗುಚಿ ಚಾಪೆಯ ಮೇಲಿಟ್ಟಳು. ಗಂಡನ ಕಡೆ ತಿರುಗಿ ಏಳಿ ಎಂದಳು. ಮಾತು ಇನ್ನೂ ಮುಗಿದಿಲ್ಲವಲ್ಲ ಎಂದು ರಾಮಕೃಷ್ಣಪ್ಪ ಗೊಣಗಿದ. ಅವಳು ಅವನ ತೊಡೆಯ ಮೇಲಿದ್ದ ಫೈಲನ್ನು ಕಿತ್ತು ಸೊಸೆಯ ಕೈಗೆ ಕೊಟ್ಟು, ಒಳಗೆ ಹೋಗಿ ಮೊಮ್ಮಗಳ ಹಣೆ ಮುಟ್ಟಿ ನೋಡಿ ಬಂದು, ಯಾರಿಗೂ ಕಾಯದೆ ಕಾರಿನತ್ತ ನಡೆದಳು. ಸುರೇಂದ್ರ ಹಿಂದೆ ಹೋದ. ಮಗು ತಾಯಿಯ ಹತ್ತಿರವೇ ಇರಲಿ ಎಂದು ಮುನಿಯಲ್ಲಪ್ಪ ಹೇಳಿದ್ದು ಖಾಲಿ ಕುರ್ಚಿಗಳಿಗೆ.

ಶಶಿಕಲಾ ಫೈಲನ್ನು ನೀರೊಲೆಗೆ ಹಾಕಿದಳು. ಉರಿ ಚೆನ್ನಾಗಿಯೇ ಬಂತು. ಆದರೆ ಹಾಳೆ ಸುಟ್ಟರೆ ಏನು, ಇನ್ನೂರ ಹದಿನಾಲ್ಕು ಫೋನುಗಳನ್ನು ಯಾವ ಒಲೆಗೆ ಹಾಕುವುದು?

ಮಧ್ಯಾಹ್ನವೇ ಕಂಬದ ಹತ್ತಿರ ಹೋಗಿ ಕ್ಯಾಮೆರಾದ ಸೆಟ್ಟಿಂಗು ತೆಗೆದಳು. ಅದಕ್ಕೆ ಸೈರನ್ನೂ ಇತ್ತು; ದನಕರು ಬೆದರುತ್ತವೆಂದು ಊರವರು ಬೇಡವೆಂದಿದ್ದರು. ಚಿತ್ರ ಕಳಿಸುವುದನ್ನು ನಿಲ್ಲಿಸಿ ಸೈರನ್ನು ಹಚ್ಚಿದಳು. ತಿಮ್ಮರಾಜು ಇನ್ನಿಬ್ಬರನ್ನು ಕಟ್ಟಿಕೊಂಡು ಬಂದು ಇದು ಊರಿನ ಆಸ್ತಿ, ಪಾಸ್‌ವರ್ಡ್ ಕೊಡು ಎಂದ.

"ಕೂಗ್ತದೆ. ತೋರ್ಸಲ್ಲ" ಎಂದಳು. "ಕಿವಿ ಐತಲ್ಲ ನಿಮ್ಗೆ."

ಹಾಗಾದರೆ ನಾನು ಸುದ್ದಿ ದಾಟಿಸುವುದು ಹೇಗೆ ಎಂದು ಅಪ್ಪ ಮಂಚದ ಮೇಲಿನಿಂದ ಕೇಳಿದ. ಫೋನು ಮಾಡಿ ಬಾಯಲ್ಲಿ ಹೇಳು, ಬಾಯಲ್ಲಿ ಹೇಳುವಾಗ ಏನು ಹೇಳುತ್ತಿದ್ದೀಯ ಎಂದು ನಿನಗಾದರೂ ಗೊತ್ತಿರುತ್ತದೆ ಎಂದಳು. ಹೇಳಿದ ಮೇಲೆ ಅಪ್ಪನ ಮುಖ ನೋಡಲಾಗಲಿಲ್ಲ.

ಸೋಮವಾರ ಏಳೂ ಹತ್ತಕ್ಕೆ ಬಸ್ಸಿಳಿದು ಅವಳು ಹುಣಿಸೆಮರದ ಕೆಳಗೆ ಕಾಲಿಟ್ಟಳು. ಸೈರನ್ನು ಕಿವಿ ಹರಿಯುವಂತೆ ಕೂಗಿಕೊಂಡಿತು. ಊರು ತಟ್ಟೆ ಬಿಟ್ಟು ಎದ್ದಿತು. ತಗಡು ಬಡಿಯುತ್ತ, ಪಟಾಕಿ ಹಿಡಿದು, ಟಾರ್ಚು ಬೀಸುತ್ತ ಗಂಡಸರು ಓಡಿಬಂದರು. ಇಪ್ಪತ್ತು ಮೂವತ್ತು ಟಾರ್ಚುಗಳು ಒಟ್ಟಿಗೇ ಅವಳ ಮುಖಕ್ಕೆ ಬಿದ್ದವು.

ಅವಳು ಕೈ ಅಡ್ಡ ಹಿಡಿಯಲಿಲ್ಲ. ನಿಂತಳು. ಒಂದೊಂದು ಬೆಳಕಿನ ಹಿಂದೆ ಯಾರಿದ್ದಾರೆಂದು ಒಬ್ಬೊಬ್ಬರನ್ನೇ ನೋಡುತ್ತ ಹೋದಳು. ನೋಡಿದ ಕಡೆ ಟಾರ್ಚು ಕೆಳಗಿಳಿಯಿತು. ಫೋನಿನಲ್ಲಿ ನಾಲ್ಕು ತಿಂಗಳು ಅವಳನ್ನು ಉಂಡವರು ಎರಡು ಮಾರು ದೂರದಲ್ಲಿ ಅವಳ ಕಣ್ಣನ್ನು ಒಂದು ನಿಮಿಷವೂ ತಾಳಲಿಲ್ಲ.

"ದಿನಾ ಹಿಂಗೇನಾ ಅಕ್ಕ?" ತಿಮ್ಮರಾಜುವಿನ ಬಾಯಲ್ಲಿ ಇನ್ನೂ ಅನ್ನವಿತ್ತು.

"ದಿನಾ. ಏಳೂ ಹತ್ತಕ್ಕೆ. ನೋಡ್ಬೇಕನ್ನೋರು ಊಟ ಬುಟ್ಟು ಎದ್ದು ಬನ್ನಿ."

ಸೈರನ್ನಿಗೆ ಬೇಸತ್ತು ಯಾರೂ ಏಳದ ಸಂಜೆಯೊಂದು ಬರಬಹುದು, ಆ ಸಂಜೆ ಮರದ ಹಿಂದೆ ನಿಜವಾಗಿಯೂ ಬೂದಿ ಬಣ್ಣದ ಗೋಡೆ ನಿಂತಿರಬಹುದು ಎಂಬುದು ಅವಳಿಗೆ ಗೊತ್ತಿತ್ತು. ಅವರು ಕಣ್ಣರಳಿಸಿ ನೋಡುತ್ತಿದ್ದಾಗಲೂ ಅದು ನಿಂತೇ ಇತ್ತಲ್ಲ. ಹಿಂದಕ್ಕೆ ತಿರುಗಿ ಮರದ ಆಚೆ ಈಚೆ ತಾನೇ ಒಮ್ಮೆ ಟಾರ್ಚು ಬಿಟ್ಟು ನೋಡಿದಳು. ಆಮೇಲೆ ದಾರಿಗೆ ಅಡ್ಡ ನಿಂತಿದ್ದವರು ತಾವಾಗಿ ಸರಿಯುವವರೆಗೆ ಕಾದು, ಮನೆಯ ಕಡೆ ನಡೆದಳು. ಹಿಂದೆ ಸೈರನ್ನು ಕೂಗುತ್ತಲೇ ಇತ್ತು. ನಿಲ್ಲಿಸುವುದು ಹೇಗೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.